ಥ್ರಾಟಲ್ ಸಿಲುಕುವಿಕೆ (ದ್ವಿಚಕ್ರ ವಾಹನ)

ಥ್ರಾಟಲ್ ಸಿಲುಕುವಿಕೆ ಎಂಬುದು ಮೋಟಾರ್‌ಸೈಕಲ್, ಮೊಪೆಡ್ ಮೊದಲಾದ ದ್ವಿಚಕ್ರ ವಾಹನಗಳಲ್ಲಿ ಕಂಡುಬರುವ ಒಂದು ಯಾಂತ್ರಿಕ ದೋಷ. ಸವಾರನು ಬಲಗೈಯ ಹಿಡಿಯನ್ನು ಸಡಿಲಿಸಿದ ಮೇಲೂ ಎಂಜಿನ್ನಿಗೆ ಗಾಳಿ ಮತ್ತು ಇಂಧನವನ್ನು ಬಿಡುವ ಕವಾಟವು ಮುಚ್ಚಿಕೊಳ್ಳದೆ ಪೂರ್ಣವಾಗಿಯೋ ಭಾಗಶಃವಾಗಿಯೋ ತೆರೆದೇ ಉಳಿಯುವುದು ಇದರ ಸ್ವರೂಪ. ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರದ ಕಡೆ ಜನರು ಥ್ರಾಟಲ್ ಎಂಬ ಪದಕ್ಕಿಂತ ಎಕ್ಸಲರೇಟರ್ ಎಂಬ ಪದವನ್ನೇ ಹೆಚ್ಚಾಗಿ ಬಳಸುತ್ತಾರೆ. 'ಎಕ್ಸಲರೇಟರ್ ಹಿಡಿದುಕೊಂಡಿದೆ', 'ರೇಸ್ ಇಳಿಯುತ್ತಿಲ್ಲ' ಎಂಬ ಮಾತುಗಳು ಈ ದೋಷವನ್ನೇ ಸೂಚಿಸುತ್ತವೆ. ದೋಷದ ಮೂಲ ಬಹುತೇಕ ಸಂದರ್ಭಗಳಲ್ಲಿ ಚಿಕ್ಕದು. ಒಂದು ತಂತಿ, ಒಂದು ಸ್ಪ್ರಿಂಗ್ ಅಥವಾ ಸ್ವಲ್ಪ ಕೊಳೆ. ಆದರೆ ಅದರ ಪರಿಣಾಮ ಪ್ರಾಣಾಪಾಯದವರೆಗೂ ಹೋಗಬಲ್ಲದು.

ಹಿನ್ನೆಲೆ

ಮೈಸೂರು ಜಿಲ್ಲೆಗೂ ಮೋಟಾರ್‌ಸೈಕಲ್ ಉದ್ಯಮಕ್ಕೂ ಹಳೆಯ ನಂಟಿದೆ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯಡಿ ಐಡಿಯಲ್ ಜಾವಾ ಕಂಪನಿಯು ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿತು. ಮುಂದೆ ಇವು ಯೆಜ್ದಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. 1996ರಲ್ಲಿ ಉತ್ಪಾದನೆ ನಿಂತಿತಾದರೂ ಆ ಎರಡು ಸ್ಟ್ರೋಕ್‌ನ ವಾಹನಗಳು ಇಂದಿಗೂ ಅಲ್ಲಲ್ಲಿ ಓಡಾಡುತ್ತಿವೆ. ನಂಜನಗೂಡು ರಸ್ತೆಯ ಕಡಕೊಳದ ಬಳಿ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಮೋಟಾರ್ ಕಂಪನಿಯ ಕಾರ್ಖಾನೆ ಇದೆ.

ನಂಜನಗೂಡು ಕಪಿಲಾ ನದಿಯ (ಕಬಿನಿ) ದಡದಲ್ಲಿದೆ. ತಿ. ನರಸೀಪುರವು ಕಾವೇರಿ ಮತ್ತು ಕಪಿಲೆಯರ ಸಂಗಮದಲ್ಲಿದೆ. ನಾಲೆಯ ನೀರಾವರಿಯ ಭತ್ತ, ಕಬ್ಬು ಮತ್ತು ಬಾಳೆ ಈ ಸೀಮೆಯ ಮುಖ್ಯ ಬೆಳೆಗಳು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾಳೆಗೊನೆ, ಗೊಬ್ಬರದ ಚೀಲ ಇವುಗಳನ್ನು ಸಾಗಿಸಲು ಸಣ್ಣ ರೈತರು ನೆಚ್ಚಿಕೊಂಡಿರುವುದು 100 ಸಿಸಿ ವರ್ಗದ ಮೋಟಾರ್‌ಸೈಕಲ್ ಮತ್ತು ಜನರ ಬಾಯಲ್ಲಿ 'ಎಕ್ಸೆಲ್' ಎಂದೇ ಹೆಸರಾದ ಮೊಪೆಡ್‌ಗಳನ್ನು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಕೆಲಸಕ್ಕೆ ಹೋಗುವವರೂ ಇವುಗಳನ್ನೇ ಅವಲಂಬಿಸಿದ್ದಾರೆ. ಇಂತಹ ವಾಹನಗಳು ಹತ್ತು ಹದಿನೈದು ವರ್ಷಗಳವರೆಗೆ, ಹಲವು ಕೈಗಳನ್ನು ದಾಟಿ ದುಡಿಯುವುದರಿಂದ ತಂತಿ, ಸ್ಪ್ರಿಂಗ್‌ನಂತಹ ಬಿಡಿಭಾಗಗಳ ಸವೆತ ಸಹಜವಾಗಿಯೇ ಹೆಚ್ಚು.

ರಚನೆ ಮತ್ತು ಕಾರ್ಯವಿಧಾನ

ಸಣ್ಣ ಮೋಟಾರ್‌ಸೈಕಲ್‌ನ ಥ್ರಾಟಲ್ ವ್ಯವಸ್ಥೆಯಲ್ಲಿ ನಾಲ್ಕು ಮುಖ್ಯ ಭಾಗಗಳಿವೆ.

1. ಹಿಡಿ: ಹ್ಯಾಂಡಲ್‌ನ ಬಲತುದಿಯ ಕೊಳವೆಯ ಮೇಲೆ ತಿರುಗುವ ಪ್ಲಾಸ್ಟಿಕ್ ನಳಿಗೆ ಮತ್ತು ಅದರ ಮೇಲಿನ ರಬ್ಬರ್ ಗ್ರಿಪ್. ಸವಾರನು ಇದನ್ನು ತನ್ನ ಕಡೆಗೆ ತಿರುಗಿಸಿದಾಗ ತಂತಿ ಎಳೆಯಲ್ಪಡುತ್ತದೆ.

2. ಕೇಬಲ್: ಇದರಲ್ಲಿ ಎರಡು ಪದರಗಳು. ಒಳಗೆ ಅನೇಕ ಎಳೆಗಳನ್ನು ಹೆಣೆದ ಉಕ್ಕಿನ ತಂತಿ. ಹೊರಗೆ ಗ್ಯಾರೇಜುಗಳಲ್ಲಿ 'ಔಟರ್' ಎನ್ನುವ ಕವಚ. ತಂತಿಯ ಎರಡು ತುದಿಗಳಲ್ಲೂ ಸೀಸದ ಗುಂಡಿಯಂತಹ ನಿಪ್ಪಲ್ ಇರುತ್ತದೆ.

3. ಕವಾಟ: ಹಳೆಯ ಕಾರ್ಬೊರೇಟರ್‌ಗಳಲ್ಲಿ ಇದು ಮೇಲೆ ಕೆಳಗೆ ಚಲಿಸುವ ಸಿಲಿಂಡರಾಕಾರದ ಸ್ಲೈಡ್. ಮತ್ತೆ ಕೆಲವು ಕಾರ್ಬೊರೇಟರ್‌ಗಳಲ್ಲಿಯೂ ಇಂಧನ ಇಂಜೆಕ್ಷನ್ ಇರುವ ವಾಹನಗಳ ಥ್ರಾಟಲ್ ಬಾಡಿಯಲ್ಲಿಯೂ ಇದು ಅಡ್ಡ ಅಕ್ಷದ ಮೇಲೆ ತಿರುಗುವ ದುಂಡು ತಗಡು.

4. ಮರಳು ಸ್ಪ್ರಿಂಗ್: ಕವಾಟವನ್ನು ಸದಾ ಮುಚ್ಚುವ ದಿಕ್ಕಿಗೆ ಒತ್ತುವ ಸ್ಪ್ರಿಂಗ್.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ತೆರೆಯುವ ಶಕ್ತಿ ಸವಾರನ ಕೈಯದು. ಮುಚ್ಚುವ ಶಕ್ತಿ ಕೇವಲ ಸ್ಪ್ರಿಂಗಿನದು. ಕೈ ಎಷ್ಟು ಬಲವನ್ನಾದರೂ ಹಾಕಿ ತುಕ್ಕು ಹಿಡಿದ ತಂತಿಯನ್ನೂ ಎಳೆದುಬಿಡುತ್ತದೆ. ಸ್ಪ್ರಿಂಗಿಗೆ ಆ ಸಾಮರ್ಥ್ಯವಿಲ್ಲ. ಆದ್ದರಿಂದ ದಾರಿಯಲ್ಲಿ ಎಲ್ಲಿ ಘರ್ಷಣೆ ಹೆಚ್ಚಾದರೂ ಕವಾಟ ತೆರೆಯುತ್ತದೆ, ಮುಚ್ಚುವುದಿಲ್ಲ. ದೊಡ್ಡ ಮೋಟಾರ್‌ಸೈಕಲ್‌ಗಳಲ್ಲಿ ಇದಕ್ಕೆ ಪರಿಹಾರವಾಗಿ ಎರಡು ಕೇಬಲ್‌ಗಳಿರುತ್ತವೆ. ಒಂದು ತೆರೆಯಲು, ಇನ್ನೊಂದು ಕೈಯಿಂದಲೇ ಎಳೆದು ಮುಚ್ಚಲು. ಒಂದೇ ಕೇಬಲ್ ಇರುವ ಸಣ್ಣ ವಾಹನಗಳಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಿದರೂ ತಂತಿ ಕವಾಟವನ್ನು ನೂಕಲಾರದು. ಏಕೆಂದರೆ ಹಗ್ಗದಂತೆ ತಂತಿಯೂ ಎಳೆಯಬಲ್ಲದೇ ಹೊರತು ತಳ್ಳಲಾರದು.

ಕಾರಣಗಳು

ಹಿಡಿಯಲ್ಲಿ: ವಾಹನ ಬಿದ್ದಾಗ ಹ್ಯಾಂಡಲ್‌ನ ತುದಿ ಬಗ್ಗಿ ನಳಿಗೆಯನ್ನು ಒತ್ತುವುದು, ಅಲಂಕಾರಕ್ಕೆಂದು ಹಾಕಿಸಿದ ಉದ್ದದ ಗ್ರಿಪ್ ಹ್ಯಾಂಡಲ್ ತುದಿಯ ತೂಕದ ಗುಂಡಿಗೋ ಸ್ವಿಚ್ ಪೆಟ್ಟಿಗೆಗೋ ಉಜ್ಜುವುದು, ನಳಿಗೆಯ ಒಳಗೆ ಮರಳು, ಧೂಳು, ಹಳೆಯ ಗ್ರೀಸ್ ಸೇರಿ ಅಂಟಿನಂತಾಗುವುದು.

ಕೇಬಲ್‌ನಲ್ಲಿ: ಒಳತಂತಿಯ ಎಳೆಗಳು ಒಂದೊಂದಾಗಿ ತುಂಡಾಗಿ ಔಟರ್‌ನ ಒಳಗೆ ಕುಚ್ಚಿನಂತೆ ಹರಡಿಕೊಳ್ಳುವುದು, ಔಟರ್ ಮಡಚಿಕೊಳ್ಳುವುದು ಅಥವಾ ಎಂಜಿನ್ನಿನ ಶಾಖಕ್ಕೆ ಕರಗುವುದು, ನೀರು ಇಳಿದು ತುಕ್ಕು ಹಿಡಿಯುವುದು, ಕೇಬಲ್ ಬದಲಿಸುವಾಗ ಅದನ್ನು ಸರಿಯಾದ ದಾರಿಯಲ್ಲಿ ಹಾಯಿಸದೆ ಟ್ಯಾಂಕಿನ ಕೆಳಗೆ ಅದುಮಿಹೋಗುವುದು. ಕೊನೆಯ ಕಾರಣವಿದ್ದಲ್ಲಿ ಹ್ಯಾಂಡಲ್ ನೇರವಾಗಿದ್ದಾಗ ಎಲ್ಲವೂ ಸರಿಯಿದ್ದು, ತಿರುವಿನಲ್ಲಿ ಮಾತ್ರ ರೇಸ್ ತಾನಾಗಿಯೇ ಏರುತ್ತದೆ.

ಕಾರ್ಬೊರೇಟರ್‌ನಲ್ಲಿ: ಸ್ಲೈಡ್ ಮತ್ತು ಅದು ಚಲಿಸುವ ಕೊಳವೆಯ ನಡುವೆ ಧೂಳು ಅಥವಾ ಪೆಟ್ರೋಲಿನ ಅಂಟು ಶೇಷ ಕೂಡುವುದು, ಸ್ಲೈಡ್‌ನ ಮೈಯಲ್ಲಿ ಗೀರು ಬೀಳುವುದು, ಕಾರ್ಬೊರೇಟರ್ ಕೂರಿಸುವ ಬೋಲ್ಟುಗಳನ್ನು ಮಿತಿಮೀರಿ ಬಿಗಿದು ಅದರ ದೇಹವೇ ಸೊಟ್ಟಗಾಗುವುದು, ಸ್ಪ್ರಿಂಗ್ ಸಡಿಲವಾಗುವುದು. ಏರ್ ಫಿಲ್ಟರ್ ಹರಿದಿದ್ದರೆ ಅದರ ಚೂರೋ ಧೂಳೋ ನೇರವಾಗಿ ಒಳಸೇರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ವಾಹನದಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದಾದ್ದರಿಂದ ದೀರ್ಘಕಾಲ ನಿಂತ ವಾಹನದ ಲೋಹಭಾಗಗಳು ಕಿಲುಬುಗಟ್ಟುವ ಸಂಭವವೂ ಇದೆ.

ಪರಿಸರದ ಪ್ರಭಾವ

ಸುಗ್ಗಿಯ ದಿನಗಳಲ್ಲಿ ಭತ್ತದ ಹೊಟ್ಟು ಮತ್ತು ಕಣದ ಧೂಳು, ಕಬ್ಬು ಕಡಿಯುವ ಕಾಲದಲ್ಲಿ ಲಾರಿಗಳು ಎಬ್ಬಿಸುವ ಮಣ್ಣು, ಮಳೆಗಾಲದಲ್ಲಿ ನಾಲೆಯ ಏರಿಯ ಮೇಲಿನ ಕೆಸರು ಇವೆಲ್ಲವೂ ಕೇಬಲ್‌ನ ಬಾಯಿಯ ಮೂಲಕ ಒಳಹೋಗುತ್ತವೆ. ವಾಹನವನ್ನು ನಾಲೆಯಲ್ಲೋ ಹೊಳೆಯ ದಡದಲ್ಲೋ ನಿಲ್ಲಿಸಿ ಬಕೆಟ್‌ಗಟ್ಟಲೆ ನೀರು ಎರಚಿ ತೊಳೆಯುವ ರೂಢಿಯಿಂದಲೂ ಔಟರ್‌ನೊಳಕ್ಕೆ ನೀರು ಇಳಿಯುತ್ತದೆ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ ಮತ್ತು ತಗ್ಗಿನ ಬಡಾವಣೆಗಳು ಜಲಾವೃತವಾಗುವುದುಂಟು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿ ಸಂಚಾರ ನಿಂತಿತ್ತು. ನೆರೆಯ ನೀರಿನಲ್ಲಿ ಮುಳುಗಿದ್ದ ವಾಹನವನ್ನು ಒಣಗಿದ ಮಾತ್ರಕ್ಕೆ ಚಾಲೂ ಮಾಡಬಾರದು. ಕಾರ್ಬೊರೇಟರ್ ಬಿಚ್ಚಿ ಮೆಕ್ಕಲನ್ನು ತೊಳೆಯದೆ, ಕೇಬಲ್ ಬದಲಿಸದೆ ಓಡಿಸಿದರೆ ಕೆಲವು ವಾರಗಳಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತದೆ.

ಅಪಾಯದ ಸ್ವರೂಪ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಕ್ರಮಿಸುತ್ತದೆ. ರೇಸ್ ಇಳಿಯದಿರುವುದು ಸವಾರನ ಅರಿವಿಗೆ ಬರಲು ಒಂದೆರಡು ಸೆಕೆಂಡು ಬೇಕು. ಅಷ್ಟರೊಳಗೆ ಮುಂದಿನ ಎತ್ತಿನ ಗಾಡಿಯೋ ರಸ್ತೆ ದಾಟುವ ಶಾಲಾಮಕ್ಕಳೋ ಎದುರಾಗಿರುತ್ತಾರೆ. ಮೈಸೂರಿನಿಂದ ಒಂದು ಕಡೆ ನಂಜನಗೂಡು, ಗುಂಡ್ಲುಪೇಟೆಗಳಿಗೂ ಇನ್ನೊಂದು ಕಡೆ ತಿ. ನರಸೀಪುರ, ಕೊಳ್ಳೇಗಾಲಗಳಿಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಹೊರರಾಜ್ಯದ ಲಾರಿ, ಪ್ರವಾಸಿಗರ ಬಸ್ಸು, ಎತ್ತಿನ ಗಾಡಿ, ಮೊಪೆಡ್ ಎಲ್ಲವೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿಯ ಪಂಚ ಮಹಾರಥೋತ್ಸವ ಮತ್ತು 1989ರಲ್ಲಿ ಆರಂಭವಾದ ತಿ. ನರಸೀಪುರದ ಕುಂಭಮೇಳದಂತಹ ಸಂದರ್ಭಗಳಲ್ಲಿ ಜನಸಂದಣಿಯ ನಡುವೆ ನಡಿಗೆಯ ವೇಗದಲ್ಲಿ ಗಾಡಿ ಓಡಿಸಬೇಕಾಗುತ್ತದೆ. ಅಲ್ಲಿ ಥ್ರಾಟಲ್ ಸಿಲುಕಿದರೆ ಗಾಯಗೊಳ್ಳುವವನು ಸವಾರನೊಬ್ಬನೇ ಅಲ್ಲ.

ಮೋಟಾರು ವಾಹನ ಕಾಯ್ದೆ, 1988ರ 190ನೆಯ ಪ್ರಕರಣದಂತೆ, ಅಪಾಯಕಾರಿ ದೋಷವಿದೆಯೆಂದು ತಿಳಿದೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಶಿಕ್ಷಾರ್ಹ. ಕೈ ಬಿಟ್ಟೊಡನೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳಬೇಕೆಂಬುದು ಅಮೆರಿಕದ ಮೋಟಾರ್‌ಸೈಕಲ್ ಸುರಕ್ಷತಾ ನಿಯಮಗಳಲ್ಲಿಯೂ ಇದೆ. ಇದು ಸಣ್ಣ ವಾಹನಗಳಿಗೆ ಮಾತ್ರ ಸೀಮಿತವಾದ ದೋಷವೂ ಅಲ್ಲ. 2010ರ ಜನವರಿಯಲ್ಲಿ ಟೊಯೋಟಾ ಕಂಪನಿಯು ಎಕ್ಸಲರೇಟರ್ ಪೆಡಲ್ ಸಿಲುಕುವ ಕಾರಣಕ್ಕಾಗಿ ಅಮೆರಿಕದಲ್ಲಿ ಸುಮಾರು 23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಚಲಿಸುತ್ತಿರುವಾಗ ಸಿಲುಕಿದರೆ

ಸವಾರನು ಸಾಮಾನ್ಯವಾಗಿ ಮಾಡುವ ತಪ್ಪು, ಹಿಡಿಯನ್ನು ಮತ್ತೆ ಮತ್ತೆ ತಿರುಗಿಸುತ್ತಾ ಅದನ್ನೇ ನೋಡುವುದು. ಸರಿಯಾದ ಕ್ರಮ ಹೀಗಿದೆ:

1. ದೃಷ್ಟಿಯನ್ನು ರಸ್ತೆಯ ಮೇಲೇ ಇರಿಸಿ ಕ್ಲಚ್ಚನ್ನು ಪೂರ್ತಿಯಾಗಿ ಹಿಡಿಯಬೇಕು. ಎಂಜಿನ್ ಜೋರಾಗಿ ಕೂಗಿದರೂ ಗಾಬರಿಯಾಗಬಾರದು. ಚಕ್ರಕ್ಕೆ ಹೋಗುವ ಶಕ್ತಿ ಆಗಲೇ ಕಡಿದುಹೋಗಿರುತ್ತದೆ.

2. ಎಂಜಿನ್ ಆರಿಸುವ ಸ್ವಿಚ್ ಇದ್ದರೆ ಅದನ್ನು ಒತ್ತಬೇಕು. ಇಲ್ಲದಿದ್ದರೆ ಕೀಲಿಯನ್ನು 'ಆಫ್' ಸ್ಥಾನಕ್ಕೆ ಮಾತ್ರ ತಿರುಗಿಸಬೇಕು. ಅದಕ್ಕಿಂತ ಮುಂದೆ ತಿರುಗಿಸಿದರೆ ಹ್ಯಾಂಡಲ್ ಲಾಕ್ ಆಗುವ ಅಪಾಯವಿದೆ.

3. ಎರಡೂ ಬ್ರೇಕುಗಳನ್ನು ಹದವಾಗಿ ಹಾಕಿ ಎಡಬದಿಗೆ ನಿಲ್ಲಿಸಬೇಕು.

ಎಕ್ಸೆಲ್‌ನಂತಹ ಮೊಪೆಡ್‌ಗಳಲ್ಲಿ ಕೈಯಿಂದ ಹಿಡಿಯುವ ಕ್ಲಚ್ ಇಲ್ಲ. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕ್ಲಚ್ ತಾನಾಗಿ ಹಿಡಿಯುತ್ತದೆ. ಆದ್ದರಿಂದ ಅವುಗಳಲ್ಲಿ ಎಂಜಿನ್ ಆರಿಸುವುದೇ ಮೊದಲ ಹೆಜ್ಜೆ. ಪೆಟ್ರೋಲ್ ನಲ್ಲಿ ತಿರುಗಿಸುವುದರಿಂದ ತಕ್ಷಣ ಪ್ರಯೋಜನವಿಲ್ಲ. ಕಾರ್ಬೊರೇಟರ್‌ನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವವರೆಗೂ ಎಂಜಿನ್ ಓಡುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಪರೀಕ್ಷಿಸದೆ ಮತ್ತೆ ಕಿಕ್ ಹೊಡೆಯಬಾರದು. ಅದರಲ್ಲಿಯೂ ಮೊಪೆಡ್ ಸ್ಟ್ಯಾಂಡಿನಿಂದ ಇಳಿದಿದ್ದರೆ ಚಾಲೂ ಆದ ಕ್ಷಣವೇ ಮುಂದಕ್ಕೆ ಜಿಗಿಯುತ್ತದೆ.

ದೋಷ ಪತ್ತೆ

ದುರಸ್ತಿಗೆ ಮೊದಲು ದೋಷ ಎಲ್ಲಿದೆಯೆಂದು ನಿರ್ಣಯಿಸುವುದು ಅಗತ್ಯ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ವಾಹನವನ್ನು ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪರೀಕ್ಷಿಸಬೇಕು.

ಮೊದಲನೆಯದಾಗಿ, ಹಿಡಿಯನ್ನು ಪೂರ್ತಿ ತಿರುಗಿಸಿ ಒಮ್ಮೆಲೆ ಬಿಡಬೇಕು. ಅದು 'ಟಕ್' ಎಂಬ ಸದ್ದಿನೊಂದಿಗೆ ಮೂಲಸ್ಥಾನಕ್ಕೆ ಮರಳಬೇಕು. ಹ್ಯಾಂಡಲನ್ನು ನೇರವಾಗಿ, ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ಇರಿಸಿ ಮೂರು ಬಾರಿ ಹೀಗೆ ಮಾಡಬೇಕು. ಒಂದು ಬದಿಯಲ್ಲಿ ಮಾತ್ರ ನಿಧಾನವಾದರೆ ಕೇಬಲ್ ಹಾಯ್ದ ದಾರಿಯಲ್ಲಿ ತಪ್ಪಿದೆ.

ಎರಡನೆಯದಾಗಿ, ಕೇಬಲ್ಲನ್ನು ಕಾರ್ಬೊರೇಟರ್‌ನ ಕಡೆಯಲ್ಲಿ ಬಿಚ್ಚಬೇಕು. ಈಗ ವ್ಯವಸ್ಥೆ ಎರಡು ಭಾಗವಾಯಿತು. ಕೆಳಗಿನ ಕವಾಟವನ್ನು ಬೆರಳಿನಿಂದ ಆಡಿಸಿ ನೋಡಿದಾಗ ಅದು ಸಲೀಸಾಗಿ ಚಲಿಸಿದರೆ ಕಾರ್ಬೊರೇಟರ್ ನಿರ್ದೋಷಿ. ಬಳಿಕ ಮೇಲಿನ ತುದಿಯನ್ನೂ ಹಿಡಿಯಿಂದ ಬಿಚ್ಚಿ ತಂತಿಯನ್ನು ಎರಡೂ ಕಡೆಯಿಂದ ಎಳೆದು ನೋಡಬೇಕು. ತಡೆ ಕಂಡರೆ ದೋಷ ಕೇಬಲ್‌ನದು. ತಂತಿಯೂ ಸಲೀಸಾಗಿದ್ದರೆ ಉಳಿದದ್ದು ಹಿಡಿಯ ನಳಿಗೆ ಮಾತ್ರ. ಹೀಗೆ ಅರ್ಧ ಗಂಟೆಯೊಳಗೆ, ಒಂದು ಬಿಡಿಭಾಗವನ್ನೂ ಕೊಳ್ಳದೆ ಕಾರಣವನ್ನು ಗುರುತಿಸಬಹುದು.

ಹಿಡಿ ಪೂರ್ತಿ ಮರಳಿದ ಮೇಲೂ ರೇಸ್ ಹೆಚ್ಚಾಗಿಯೇ ಇದ್ದರೆ ಅದು ಥ್ರಾಟಲ್ ಸಿಲುಕಿದ್ದಲ್ಲದೆಯೂ ಇರಬಹುದು. ಸ್ಲೋ ಸ್ಕ್ರೂವನ್ನು ಹೆಚ್ಚು ಬಿಗಿದಿರುವುದು, ಚೋಕ್ ಮುಚ್ಚದಿರುವುದು, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುವುದು ಇವೂ ಅದೇ ಲಕ್ಷಣವನ್ನು ತೋರುತ್ತವೆ.

ದುರಸ್ತಿ

ಹಿಡಿಯ ಶುದ್ಧೀಕರಣ: ಸ್ವಿಚ್ ಪೆಟ್ಟಿಗೆಯ ಸ್ಕ್ರೂಗಳನ್ನು ಬಿಚ್ಚಿ ನಳಿಗೆಯನ್ನು ಹೊರತೆಗೆದು, ಹ್ಯಾಂಡಲ್ ಕೊಳವೆಯನ್ನೂ ನಳಿಗೆಯ ಒಳಮೈಯನ್ನೂ ಬಟ್ಟೆಯಿಂದ ಒರೆಸಬೇಕು. ಕೊಳವೆಯ ಮೇಲಿನ ತುಕ್ಕನ್ನು ನುಣುಪಾದ ಎಮರಿ ಕಾಗದದಿಂದ ತೆಗೆಯಬಹುದು. ಅತ್ಯಲ್ಪ ಗ್ರೀಸ್ ಸವರಿ ಮರುಜೋಡಿಸಬೇಕು. ಗ್ರಿಪ್ ಮತ್ತು ತುದಿಯ ಗುಂಡಿಯ ನಡುವೆ ಸಣ್ಣ ಸಂದು ಇರುವಂತೆ ನೋಡಿಕೊಳ್ಳಬೇಕು.

ಕೇಬಲ್‌ಗೆ ಎಣ್ಣೆ: ಎಳೆಗಳು ತುಂಡಾಗಿರದೆ ಕೇವಲ ಒಣಗಿದ್ದರೆ ಎಣ್ಣೆ ಬಿಟ್ಟರೆ ಸಾಕು. ಕೇಬಲ್‌ನ ಎರಡೂ ತುದಿ ಬಿಚ್ಚಿ, ಅದನ್ನು ನೇರವಾಗಿ ತೂಗುಹಾಕಿ, ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ಮೇಲ್ತುದಿಗೆ ಲಾಳಿಕೆಯಂತೆ ಕಟ್ಟಬೇಕು. ಅದರಲ್ಲಿ ಹೊಲಿಗೆ ಯಂತ್ರದ ಎಣ್ಣೆಯಂತಹ ತೆಳು ಎಣ್ಣೆಯನ್ನು ಹಾಕಿ, ಕೆಳಗಿನಿಂದ ತೊಟ್ಟಿಕ್ಕುವವರೆಗೆ ತಂತಿಯನ್ನು ಆಡಿಸುತ್ತಾ ಬಿಡಬೇಕು. ಮೊದಲು ಕಪ್ಪು ಎಣ್ಣೆ ಇಳಿದು ಅನಂತರ ಸ್ವಚ್ಛ ಎಣ್ಣೆ ಬರುತ್ತದೆ. ಕೊಬ್ಬರಿ ಎಣ್ಣೆಯನ್ನು ಬಳಸುವುದು ಸರಿಯಲ್ಲ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆಯಲ್ಲಿ ಹಾಲಿನ ಡೈರಿಗೆ ಹೊರಟವನಿಗೆ ತೊಂದರೆಯನ್ನೇ ತರುತ್ತದೆ. ಸೀಮೆಎಣ್ಣೆ, ಡೀಸೆಲ್‌ಗಳು ಕೊಳೆ ತೊಳೆಯುತ್ತವೆಯೇ ಹೊರತು ಬಹುಕಾಲ ಜಾರಿಕೆ ಕೊಡಲಾರವು. ಔಟರ್‌ನ ಒಳಗೆ ನೈಲಾನ್ ಪದರವಿರುವ ಕೇಬಲ್‌ಗಳಿಗೆ ಎಣ್ಣೆ ಬೇಡವೆಂದು ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಕೇಬಲ್ ಬದಲಾವಣೆ: ಒಂದೇ ಒಂದು ಎಳೆ ತುಂಡಾಗಿದ್ದರೂ ಕೇಬಲ್ ಬದಲಿಸುವುದು ಕ್ಷೇಮ. ಹಳೆಯ ಕೇಬಲ್‌ನ ತುದಿಗೆ ದಾರ ಕಟ್ಟಿ ಎಳೆದುಕೊಂಡರೆ ಅದು ಹಾಯ್ದಿದ್ದ ದಾರಿ ದಾರದ ರೂಪದಲ್ಲಿ ಉಳಿಯುತ್ತದೆ. ಹೊಸದನ್ನು ಅದೇ ದಾರಿಯಲ್ಲಿ ತರಬಹುದು. ತಿರುವುಗಳು ವಿಶಾಲವಾಗಿರಬೇಕು. ಸೈಲೆನ್ಸರ್ ಪೈಪಿಗೆ ತಾಗಬಾರದು. ರಸ್ತೆಬದಿಯಲ್ಲಿ ನಿಪ್ಪಲ್‌ಗೆ ಬೆಸುಗೆ ಹಾಕಿಸಿ ಹಳೆಯ ಕೇಬಲ್ಲನ್ನೇ ಮುಂದುವರಿಸುವುದು ಊರು ತಲುಪಲು ಮಾತ್ರ ಸಾಕು.

ಸ್ಲೈಡ್‌ನ ಶುದ್ಧೀಕರಣ: ಪೆಟ್ರೋಲ್ ನಲ್ಲಿ ಮುಚ್ಚಿ ಕಾರ್ಬೊರೇಟರ್‌ನ ಮೇಲ್ಮುಚ್ಚಳ ತಿರುಗಿಸಿದರೆ ಸ್ಲೈಡ್, ಸೂಜಿ ಮತ್ತು ಸ್ಪ್ರಿಂಗ್ ಒಟ್ಟಿಗೆ ಹೊರಬರುತ್ತವೆ. ಸ್ಪ್ರಿಂಗನ್ನು ಒತ್ತಿ ಹಿಡಿದು ನಿಪ್ಪಲ್ಲನ್ನು ಅದರ ಗಾಡಿಯಿಂದ ಜಾರಿಸಬೇಕು. ಸ್ಲೈಡ್ ಮತ್ತು ಅದರ ಕೊಳವೆಯನ್ನು ಕಾರ್ಬೊರೇಟರ್ ಕ್ಲೀನರ್ ಮತ್ತು ಮೆತ್ತನೆಯ ಬಟ್ಟೆಯಿಂದ ಶುಚಿಗೊಳಿಸಬೇಕು. ಎಮರಿ ಕಾಗದವನ್ನು ಇಲ್ಲಿ ಬಳಸಬಾರದು. ಸ್ಲೈಡ್‌ನ ಮೈ ಸವೆದರೆ ಸ್ಲೋ ರೇಸ್ ಎಂದಿಗೂ ನಿಲ್ಲದು. ಆಳವಾದ ಗೀರಿದ್ದರೆ ಸ್ಲೈಡ್ ಬದಲಿಸಬೇಕು. ಮರುಜೋಡಣೆಯಲ್ಲಿ ಸ್ಲೈಡ್‌ನ ಓರೆಯಾಗಿ ಕತ್ತರಿಸಿದ ಭಾಗವು ಏರ್ ಫಿಲ್ಟರ್ ಕಡೆಗಿರಬೇಕು. ಪಕ್ಕದ ಸೀಳು ಒಳಗಿನ ಮೊಳೆಗೆ ಹೊಂದಬೇಕು. ಇದನ್ನು ತಪ್ಪಿ ಬಲವಂತವಾಗಿ ಕೂರಿಸಿದಾಗ ಕವಾಟವು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದುರಸ್ತಿಯಾದ ಮರುಕ್ಷಣವೇ ಎಂಜಿನ್ ಕಿರುಚುವ ಪ್ರಸಂಗಗಳಿಗೆ ಇದೂ ಒಂದು ಕಾರಣ. ಈ ಕೆಲಸ ನಡೆಯುವಲ್ಲಿ ಬೀಡಿ, ದೀಪ, ಒಲೆ ಯಾವುದೂ ಇರಬಾರದು.

ಇಂಜೆಕ್ಷನ್ ವಾಹನಗಳು: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ಅನಂತರ ಸಣ್ಣ ವಾಹನಗಳಲ್ಲಿಯೂ ಇಂಧನ ಇಂಜೆಕ್ಷನ್ ಸಾಮಾನ್ಯವಾಗಿದೆ. ಇವುಗಳಲ್ಲಿಯೂ ಹಿಡಿಯಿಂದ ಥ್ರಾಟಲ್ ಬಾಡಿಯವರೆಗೆ ಸಾಮಾನ್ಯವಾಗಿ ಕೇಬಲ್ಲೇ ಇರುವುದರಿಂದ ಹಿಡಿ ಮತ್ತು ಕೇಬಲ್‌ನ ದುರಸ್ತಿ ಹಿಂದಿನಂತೆಯೇ. ಆದರೆ ಥ್ರಾಟಲ್ ಬಾಡಿಯ ಮೇಲಿನ ಸೆನ್ಸರನ್ನಾಗಲಿ ಕಾರ್ಖಾನೆಯಲ್ಲಿ ಹೊಂದಿಸಿದ ತಡೆಸ್ಕ್ರೂವನ್ನಾಗಲಿ ಮುಟ್ಟಬಾರದು.

ಹೊಂದಾಣಿಕೆ ಮತ್ತು ಅಂತಿಮ ಪರೀಕ್ಷೆ

ಜೋಡಣೆಯ ಬಳಿಕ ಹಿಡಿಯಲ್ಲಿ ಸ್ವಲ್ಪ ಸಡಿಲ ಉಳಿದಿರಬೇಕು. ತಂತಿ ಬಿಗಿಯಾಗುವ ಮೊದಲು ಹಿಡಿಯು 2ರಿಂದ 6 ಮಿ.ಮೀ.ನಷ್ಟು ತಿರುಗುವುದು ಬಹುಪಾಲು ಸಣ್ಣ ವಾಹನಗಳಿಗೆ ಸೂಕ್ತ. ಸಡಿಲವಿಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದಾಗ ತಂತಿ ತಾನಾಗಿ ಎಳೆಯಲ್ಪಡುತ್ತದೆ. ಅನಂತರ ವಾಹನವನ್ನು ನಡು ಸ್ಟ್ಯಾಂಡಿನ ಮೇಲೆಯೇ ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿ, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಬೇಕು. ಎಂಜಿನ್ನಿನ ಸದ್ದು ಬದಲಾಗಬಾರದು. ಮೊದಲ ಸವಾರಿಯನ್ನು ಜನಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಮಾಡಬೇಕು.

ಮುನ್ನೆಚ್ಚರಿಕೆ

ಪ್ರತಿದಿನ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಹಿಡಿಯನ್ನು ಒಮ್ಮೆ ತಿರುಗಿಸಿ ಬಿಡುವ ಅಭ್ಯಾಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಥ್ರಾಟಲ್ ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಸಿಲುಕುತ್ತದೆ. ಹಿಡಿ ಗಟ್ಟಿಯಾಗುವುದು, ನಿಧಾನವಾಗಿ ಮರಳುವುದು, ತಿರುಗಿಸುವಾಗ ಕರಕರ ಎನ್ನುವುದು ಅದರ ಲಕ್ಷಣಗಳು. ಮಳೆಗಾಲದ ಆರಂಭದಲ್ಲೊಮ್ಮೆ, ಸುಗ್ಗಿ ಮುಗಿದ ಮೇಲೊಮ್ಮೆ ಕೇಬಲ್ ಮತ್ತು ಏರ್ ಫಿಲ್ಟರ್ ಪರೀಕ್ಷಿಸುವುದು ಒಳಿತು. ತೊಳೆಯುವಾಗ ಕೇಬಲ್‌ನ ಮೇಲ್ತುದಿಗೆ ನೇರವಾಗಿ ನೀರು ಹೊಡೆಯಬಾರದು. ವಾಹನವನ್ನು ಇತರರಿಗೆ ಕೊಡುವಾಗ ಈ ದೋಷದ ಸುಳಿವಿದ್ದರೆ ಮುಚ್ಚಿಡದೆ ತಿಳಿಸಬೇಕು. ದಿನವೂ ಓಡಿಸುವ ಮಾಲೀಕನ ಕೈ ಹಿಡಿಯ ಬಿಗಿಗೆ ಹೊಂದಿಕೊಂಡಿರುತ್ತದೆ. ಎರವಲು ಪಡೆದ ಮಗನಿಗೋ ನೆರೆಯವನಿಗೋ ಅದರ ಅರಿವಿರುವುದಿಲ್ಲ.

ಥ್ರಾಟಲ್ ಕೇಬಲ್ ಮೋಟಾರ್‌ಸೈಕಲ್‌ನ ಅಗ್ಗದ ಬಿಡಿಭಾಗಗಳಲ್ಲಿ ಒಂದು. ಎಂಜಿನ್ನಿನ ಶಕ್ತಿಯೆಲ್ಲವೂ ಅದರ ಹತೋಟಿಯಲ್ಲಿರುವುದರಿಂದ, ಬ್ರೇಕಿಗೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಡಬೇಕಾಗುತ್ತದೆ.